ಕಾರ್ಡಿನ ಖರ್ಚು ಉಳಿಸಿದ ದೀಪಾವಳಿ

ಖರ್ಚು ಮಾಡಿ ಹಬ್ಬ ಮಾಡುವುದು ಯಾರಿಗಾದರೂ ಬರುತ್ತದೆ. ಖರ್ಚು ಮಾಡದೆ, ಮಾಡಲಿಲ್ಲ ಎನ್ನುವುದು ಯಾರಿಗೂ ತಿಳಿಯದ ಹಾಗೆ ಹಬ್ಬ ಮಾಡುವುದು ಒಂದು ವಿದ್ಯೆ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಆ ವಿದ್ಯೆ ಪೂರ್ತಿಯಾಗಿ ಬರುತ್ತಿದ್ದದ್ದು ನನ್ನ ಹೆಂಡತಿ ಜಯಮ್ಮನಿಗೆ. ಅವಳು ತೀರಿಕೊಂಡ ಮೇಲೆ ಬಂದ ಮೊದಲ ದೀಪಾವಳಿಯಲ್ಲಿ ಆ ವಿದ್ಯೆಯನ್ನು ನಾನೊಬ್ಬನೇ ಪ್ರಯೋಗಿಸಲು ಹೋಗಿ ಏನಾಯಿತು ಎಂಬುದನ್ನು ಹೇಳಲು ಹೊರಟಿದ್ದೇನೆ. ಸಾವಿನ ಮಾತು ಬಂತೆಂದು ನೀವು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಜಯಮ್ಮ ಅಳುವುದರಲ್ಲೂ ಹಿಡಿತದ ಹೆಂಗಸು. ಯಾರಾದರೂ ಹೆಚ್ಚು ಅತ್ತರೆ, “ಸಾಕು ಸುಮ್ಕಿರವ್ವ, ಸೆರಗೆಲ್ಲಾ ಒದ್ದೆ ಆಯ್ತದೆ. ಒಗಿಯೋಕೆ ಸೋಪು ಯಾರ್ ತಂದ್ಕೊಡ್ತಾರೆ?” ಎನ್ನುತ್ತಿದ್ದಳು.

ನಮ್ಮದು ರೇಷ್ಮೆ ಸೀರೆ ನೇಯುವ ಮಗ್ಗ. ನೇಯುವವರು ನಾವು, ಉಡುವವರು ಬೇರೆ. ಆದರೂ ಪ್ರತಿ ಹಬ್ಬಕ್ಕೂ ನಮ್ಮ ಮನೆಯ ದೇವರಿಗೆ ಹೊಸ ರೇಷ್ಮೆ ಸೀರೆ ಇದ್ದೇ ಇರುತ್ತಿತ್ತು. ಹಬ್ಬದ ಬೆಳಿಗ್ಗೆಗೆ ಸರಿಯಾಗಿ ಒಂದು ಸೀರೆ ಮಗ್ಗದಿಂದ ಇಳಿಯುವ ಹಾಗೆ ಜಯಮ್ಮ ನನ್ನ ಬೆನ್ನು ಹತ್ತುತ್ತಿದ್ದಳು. ಇಳಿದ ಸೀರೆಯನ್ನು ಮಡಿಸಿ ದೇವರ ಮುಂದಿಟ್ಟು, ಅರಿಶಿನ ತಾಗದಂತೆ ದೂರದಿಂದಲೇ ಪೂಜೆ ಮಾಡಿ, ಮಾರನೆಯ ದಿನ ಸಾಹುಕಾರರ ಅಂಗಡಿಗೆ ಕಳಿಸುತ್ತಿದ್ದಳು. ದೇವರೂ ಪಾಪ, ಒಂದು ದಿನವಾದರೂ ಉಟ್ಟೆನಲ್ಲ ಎಂದು ತೃಪ್ತಿಪಟ್ಟಿರಬೇಕು. ನಮ್ಮ ಬಟ್ಟೆಗೆ ಮಾತ್ರ ಒಂದೇ ತಾನು ಹೂವಿನ ಚೀಟಿ ಬಟ್ಟೆ. ಅದರಲ್ಲೇ ಮಗಳು ಶಾರಿಗೆ ಲಂಗ, ಮಿಕ್ಕಿದ್ದರಲ್ಲಿ ದಿಂಬಿನ ಚೀಲ, ಬಾಗಿಲ ಪರದೆ, ಹೇಳಬಾರದು, ನನ್ನ ಒಳಚಡ್ಡಿ. ಒಂದು ವರ್ಷ ಶಾರಿ ಪರದೆಯ ಮುಂದೆ ನಿಂತಿದ್ದರೆ ಬಂದ ನೆಂಟರಿಗೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಪಟಾಕಿಯ ವಿಷಯದಲ್ಲಂತೂ ಜಯಮ್ಮನ ಲೆಕ್ಕಾಚಾರವೇ ಬೇರೆ. ಸಂಜೆ ಮಗಳನ್ನು ಕರೆದುಕೊಂಡು ಸಾಹುಕಾರರ ಮನೆಯ ಎದುರಿನ ಜಗಲಿಯಲ್ಲಿ ಕೂರುವಳು. “ಅವ್ರು ಕಾಸು ಕೊಟ್ಟವ್ರೆ, ನಾವು ಕಿವಿ ಕೊಟ್ಟಿವಿ. ಸದ್ದು ಇಬ್ರಿಗೂ ಒಂದೇ ಕನ” ಎಂದು ಮಗುವಿಗೆ ಸಮಾಧಾನ ಹೇಳುವಳು. ಬೆರಳು ಸುಟ್ಟುಕೊಳ್ಳುವ ಭಯವೂ ಅವರದೇ ಎಂದು ಸೇರಿಸುವಳು.

ಇವೆಲ್ಲಕ್ಕಿಂತ ದೊಡ್ಡ ಉಳಿತಾಯ ಎಂದರೆ ಹನೂರಿಗೆ ಹೋಗುವುದು. ಅಲ್ಲಿ ಅವಳ ತಂಗಿ ಮಾದೇವಿ ಇದ್ದಳು. ಅಕ್ಕತಂಗಿಯರಿಬ್ಬರೂ ಯಳಂದೂರಿನಲ್ಲಿ ಒಂದೇ ತಾಯಿಯ ಕೈಯಲ್ಲಿ ಪಳಗಿದವರು. ಒಂದು ಹಬ್ಬಕ್ಕೆ ನಾವು ಅಲ್ಲಿಗೆ, ಇನ್ನೊಂದಕ್ಕೆ ಅವರು ಇಲ್ಲಿಗೆ. ಹೊರಡುವ ಮುಂಚೆ ಒಂದು ಅಂಚೆ ಕಾರ್ಡು ಬರೆಯೋಣ ಎಂದು ನಾನು ಅಂದರೆ ಜಯಮ್ಮ ನಗುತ್ತಿದ್ದಳು. “ಕಾರ್ಡ್ ಯಾಕ್ ಆಕ್ಬೇಕು? ಕಾಸೂ ದಂಡ. ಮೇಲಾಗಿ ಬರ್ಬ್ಯಾಡಿ ಅಂತ ಯೋಳೋಕೆ ಅವ್ರಿಗೂ ಪುರುಸೊತ್ತು ಸಿಕ್ತದೆ. ಸಂತೆಗೆ ಬಂದೋರ ಕೈಲಿ ಒಂದ್ ಮಾತು ಯೋಳಿ ಕಳ್ಸುದ್ರೆ ಸಾಕು.” ಯಾರ ಕೈಲಿ ಯಾವ ಮಾತು ಕಳಿಸುತ್ತಿದ್ದಳೋ ಅವಳಿಗೇ ಗೊತ್ತು. ನಾವು ಹೋದಾಗ ಮಾದೇವಿ ಬಾಗಿಲಲ್ಲಿ ನಿಂತೇ ಇರುತ್ತಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಮುಂಚೆ ಜಯಮ್ಮ ಕಾಮಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಲ್ಲಿಂದ ಮುಂದೆ ನನ್ನ ಮುಖ್ಯ ಸಂಕಟ ಏನೆಂದರೆ ಶಾರಿಯ ಜಡೆ. ನಗಬೇಡಿ. ಮಗ್ಗದ ಉದ್ದಕ್ಕೆ ಹಾಯುವ ಹಳೆಯ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆ ಸೇರಿಸಿ ಗಂಟು ಹಾಕುವ ಕೆಲಸವನ್ನು ನಾನು ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಕೂದಲಿಗಿಂತ ಸಣ್ಣ ರೇಷ್ಮೆ ಎಳೆಗಳು ನನ್ನ ಮಾತು ಕೇಳುತ್ತವೆ. ಆದರೆ ನಿಜವಾದ ಕೂದಲು, ಅದೂ ಜಡೆಯ ಬರೀ ಮೂರು ಕಾಲು, ನನ್ನ ಕೈಗೆ ಒಗ್ಗಲಿಲ್ಲ. ತಾಯಿಯಿಲ್ಲದ ಮಗು, ನೋವಾದೀತೆಂದು ಮೆಲ್ಲಗೆ ಹೆಣೆಯುತ್ತಿದ್ದೆ. ಅವಳು ಸ್ಕೂಲು ತಲುಪುವುದರೊಳಗೆ ಅದು ಬಿಚ್ಚಿಕೊಂಡು ಹಸುವಿನ ಬಾಲದಂತಾಗುತ್ತಿತ್ತು. ಪಕ್ಕದ ಮನೆಯ ರಾಚಮ್ಮ ಬಾಚಣಿಗೆ ಹಿಡಿದು ಬಂದರೆ ಶಾರಿ ಮಗ್ಗದ ಕೆಳಗೆ ನುಸುಳಿ ಕೂರುತ್ತಿದ್ದಳು. ಬೇರೆ ಹೆಂಗಸರ ಕೈ ತಲೆಗೆ ತಾಗಬಾರದು. ಅತ್ತದ್ದೂ ಇಲ್ಲ, ಅಮ್ಮ ಎಂಬ ಮಾತನ್ನು ಎತ್ತಿದ್ದೂ ಇಲ್ಲ.

ನೆಂಟರು ಸುಮ್ಮನಿರುತ್ತಾರೆಯೇ? “ಎಣ್ಮಗ ಕನಪ್ಪ. ಗಂಡ್ಸು ಒಬ್ನೇ ಎಂಗ್ ಸಾಕೀಯೆ? ಮಾದೇವಿ ಮನೇಲಿ ಬುಡು. ನಿಂಗೂ ಒಂದ್ ಬಾಯಿ ಕಮ್ಮಿ ಆಯ್ತದೆ” ಎಂದರು. ಉಳಿತಾಯದ ಮಾತು ಎಲ್ಲಿಯವರೆಗೆ ಬಂತು ನೋಡಿ. ಮೊದಲು ಸಿಟ್ಟು ಬಂತು. ಆದರೆ ದಿನಾ ಸಂಜೆ ಆ ಹಸುವಿನ ಬಾಲ ಕಂಡಾಗ, ಅವರು ಹೇಳುವುದು ಸರಿಯೇನೋ ಎನ್ನಿಸುತ್ತಿತ್ತು. ದೀಪಾವಳಿ ಹತ್ತಿರ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಬಾಣಲೆ ಇಡುವ ಹಾಗಿಲ್ಲ, ಹಬ್ಬವಿಲ್ಲ. ಆದರೂ ಮಗುವಿನ ತಲೆಗೆ ಎಣ್ಣೆ ಬೀಳಬೇಕಲ್ಲ. ಹಬ್ಬದ ಮುನ್ನಾದಿನ, ಹಂಡೆಗೆ ನೀರು ತುಂಬುವ ದಿನ ಬೆಳಿಗ್ಗೆ ಶಾರಿಯ ಬಟ್ಟೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದೆ. ಹಬ್ಬಕ್ಕೆ ಚಿಕ್ಕಮ್ಮನ ಮನೆಗೆ ಹೋಗೋಣ ಎಂದು ಮಾತ್ರ ಹೇಳಿದೆ. ಬಿಟ್ಟು ಬರಲೋ ಕರೆದುಕೊಂಡು ಬರಲೋ ನನಗೇ ಗೊತ್ತಿರಲಿಲ್ಲ. ಜಯಮ್ಮನ ಪದ್ಧತಿಯಂತೆ ಕಾರ್ಡನ್ನೂ ಹಾಕಲಿಲ್ಲ. ಸಂತೆಯವರ ಕೈಲಿ ಮಾತು ಕಳಿಸಬೇಕೆಂಬ ಅರ್ಧ ಮಾತ್ರ ಮರೆತೇ ಹೋಗಿತ್ತು.

ದಾರಿಯಲ್ಲಿ ಸಿಗುವ ಕಾಮಗೆರೆಯ ಆಸ್ಪತ್ರೆ ಕಣ್ಣಿಗೆ ಬೀಳದಿರಲಿ ಎಂದು ಬಸ್ಸಿನಲ್ಲಿ ಆಚೆ ಬದಿಯ ಸೀಟು ಹಿಡಿದೆ. ಹೋಗುವ ಬಸ್ಸು, ಬರುವ ಬಸ್ಸು ಕಾಮಗೆರೆಯಲ್ಲಿ ಒಂದನ್ನೊಂದು ಕಾದು ನಿಲ್ಲುವುದು ಆಗ ರೂಢಿ. ಕಂಡಕ್ಟರುಗಳು ಬೀಡಿ ಹಚ್ಚಿಕೊಂಡು ಮಾತಿಗೆ ನಿಂತರು. ಎದುರಿನ ಬಸ್ಸಿನ ಕಿಟಕಿ ನಮ್ಮ ಕಿಟಕಿಗೆ ಮೊಳದ ದೂರದಲ್ಲಿತ್ತು. ಅದರೊಳಗೆ ಗಂಟು ತಬ್ಬಿಕೊಂಡು ಕೂತಿದ್ದವಳು ಮಾದೇವಿ.

“ಭಾವಾ! ಎಲ್ಲಿಗೊಂಟ್ರಿ?”

“ನಿಮ್ಮ ಮನೆಗೇ!”

“ಅಯ್ಯೋ ನನ್ ತಲೆ! ನಾನು ನಿಮ್ಮನೆಗೆ ಬತ್ತಾವ್ನಿ! ಒಂದ್ ಮಾತು ಯೋಳಿ ಕಳ್ಸೋದಲ್ವಾ?”

“ನೀನು ಕಳಿಸಿದ್ದೆಯಾ?”

“ಯಾವತ್ತೂ ಅಕ್ಕನೇ ಕಳುಸ್ತಿದ್ಲು” ಎಂದವಳು ಗಂಟು ಎತ್ತಿಕೊಂಡು ಎದ್ದಳು.

ಇಬ್ಬರೂ ಇಳಿಯಲು ಹೋದೆವು. ನಾನು ಇಳಿಯಲೋ, ಅವಳನ್ನೇ ಹತ್ತಲು ಹೇಳಲೋ ತಿಳಿಯದೆ ಮೆಟ್ಟಿಲ ಮೇಲೆ ನಿಂತುಬಿಟ್ಟೆ. “ಯಜಮಾನ್ರೇ, ಒಂದ್ ಕಾಲು ಒಳ್ಗೆ ಒಂದ್ ಕಾಲು ಒರ್ಗೆ ಮಡಿಕಂಡ್ರೆ ಬಸ್ಸು ಎಂಗ್ ಓದದು ಸಾ?” ಎಂದು ಕಂಡಕ್ಟರು ಕೂಗಿದ. ಕೊನೆಗೆ ಎರಡು ಬಸ್ಸೂ ಎರಡು ದಿಕ್ಕಿಗೆ ಹೋದವು. ನಾನು, ಶಾರಿ, ಮಾದೇವಿ ಧೂಳಿನಲ್ಲಿ ಉಳಿದೆವು. ಅವಳ ಗಂಟಿನಲ್ಲಿ ಕಜ್ಜಾಯ, ಹರಳೆಣ್ಣೆ ಸೀಸೆ, ಬಾಚಣಿಗೆ. ನನ್ನ ಕೈಯಲ್ಲಿ ಆ ಚೀಲ. ನೋಡಬಾರದು ಎಂದುಕೊಂಡಿದ್ದ ಕಟ್ಟಡ ಎದುರಿಗೇ ನಿಂತಿತ್ತು.

ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಕೂತೆವು. ಮಾದೇವಿ ಚೀಲವನ್ನು ಎತ್ತಿ ನೋಡಿದಳು. “ಒಂದ್ ಹಬ್ಬುಕ್ಕೆ ಇಷ್ಟೊಂದ್ ಬಟ್ಟೆಯಾ ಭಾವ?” ನಾನು ಟೀ ಲೋಟದ ತಳ ನೋಡಿದೆ. ಅವಳಿಗೆ ಅರ್ಥವಾಯಿತು. ಶಾರಿಯೂ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. ಮಕ್ಕಳಿಗೆ ನಾವು ಹೇಳದ್ದೇ ಬೇಗ ತಿಳಿಯುತ್ತದೆ.

“ಇದೇನವ್ವ ಇದು, ತಲೇನಾ ಗುಬ್ಬಚ್ಚಿ ಗೂಡಾ?” ಎಂದು ಮಾದೇವಿ ಮಗುವಿನ ಭುಜ ಹಿಡಿದು ಮುಂದೆ ಕೂರಿಸಿಕೊಂಡಳು. ಅಲ್ಲಿ ನುಸುಳಲು ಮಗ್ಗವಿರಲಿಲ್ಲ. ಶಾರಿ ಒಮ್ಮೆ ಕೊಸರಾಡಿ ಸುಮ್ಮನಾದಳು. ಮಾದೇವಿ ನೆತ್ತಿಗೆ ಎಣ್ಣೆ ತಟ್ಟಿ, ಸಿಕ್ಕು ಬಿಡಿಸಿ, ಕೂದಲನ್ನು ಎರಡು ಪಾಲು ಮಾಡಿ ಜಡೆ ಹಾಕತೊಡಗಿದಳು. ಹಾಕುವುದೆಂದರೇನು, ಬಾವಿಯಿಂದ ನೀರು ಸೇದುವ ಹಾಗೆ ಎಳೆಯುತ್ತಿದ್ದಳು. ಮಗುವಿನ ಹುಬ್ಬುಗಳು ಮೇಲೆ ಹೋದವು. “ಮೆಲ್ಲಗೆ ಮಾದೇವಿ” ಎಂದೆ. “ನೀವ್ ಸುಮ್ಕಿರಿ, ಎಳೀದೆ ಓದ್ರೆ ನಿಲ್ಲದಾ?” ಎಂದಳು.

ಆಗ ಶಾರಿ ರಸ್ತೆಯ ಕಡೆ ನೋಡುತ್ತಲೇ, “ಅಮ್ಮನೂ ಇಂಗೇ ಎಳಿಯೋಳು” ಎಂದಳು. ಎಂದವಳೇ ಅಳತೊಡಗಿದಳು. ಮಳೆಗಾಲದಿಂದ ಹಿಡಿದಿಟ್ಟಿದ್ದೆಲ್ಲವನ್ನೂ ಅತ್ತಳು. ಮಾದೇವಿ ಕೈ ನಿಲ್ಲಿಸಲಿಲ್ಲ, ಅವಳೂ ಅಳುತ್ತಲೇ ಹೆಣೆದಳು. ಅಂಗಡಿಯವನು ಬಂದು ನನ್ನನ್ನು ದುರುಗುಟ್ಟಿಕೊಂಡು ನೋಡಿ ಲೋಟ ತೆಗೆದುಕೊಂಡು ಹೋದ.

ಒಂದು ಜಡೆ ಮುಗಿಯಿತು. ಬಿಗಿಯಾಗಿ, ಹಗ್ಗದ ಹಾಗೆ. ಮಾದೇವಿ ಎರಡನೆಯದಕ್ಕೆ ಕೈ ಹಾಕುವಾಗ ಶಾರಿ ಉಳಿದರ್ಧ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಇದು ಬ್ಯಾಡ. ಅಪ್ಪಂಗೆ ಯೋಳ್ಕೊಡು.”

“ನಾನಿವ್ನಲ್ಲವ್ವ?”

“ನೀನು ಹನೂರ್ಗೆ ಓಯ್ತಿಯಲ್ಲ” ಎಂದಳು ಶಾರಿ. “ನಾವು ಮನೇಲಿರ್ತೀವಲ್ಲ.”

ಮಾದೇವಿ ನನ್ನ ಮುಖ ನೋಡಲಿಲ್ಲ. ಬಾಚಣಿಗೆಯನ್ನು ನನ್ನ ಕೈಗಿಟ್ಟು, ನನ್ನ ಬೆರಳುಗಳ ಮೇಲೆ ತನ್ನ ಬೆರಳಿನಿಂದ ಹೊಡೆದು ಹೊಡೆದು ಕಲಿಸಿದಳು. “ಎಳೀರಿ ಭಾವ. ಇನ್ನೂ ಎಳೀರಿ. ಮೊಗೀನ ತಲೆ ಕಿತ್ಕಂಡು ಬರಕಿಲ್ಲ.” ಬಸ್ಸಿಗೆ ಕಾದವರೆಲ್ಲ ಸುತ್ತ ನಿಂತು ಸಲಹೆ ಕೊಟ್ಟರು. ಜಡೆ ಸೊಟ್ಟಗಾಯಿತು, ಆದರೆ ನಿಂತಿತು. ಮುಂದಿನ ಬಸ್ಸಿಗೆ ಮೂವರೂ ಕೊಳ್ಳೇಗಾಲಕ್ಕೆ ವಾಪಸ್ಸು ಬಂದೆವು. ಹಬ್ಬದ ದಿನ ಅಕ್ಕನ ಮನೆ ಬಾಗಿಲು ಹಾಕಿರಬಾರದು ಎಂದಳು ಮಾದೇವಿ. ಎಣ್ಣೆಸ್ನಾನ ಮಾಡಿಸಿ, ಚೀಲದ ಬಟ್ಟೆಗಳನ್ನೆಲ್ಲ ಗೂಟಕ್ಕೆ ಹಾಕಿ, ಹಬ್ಬ ಕಳೆದ ಮೇಲೆ ಒಬ್ಬಳೇ ಹೊರಟಳು.

ಅವಳು ಹೋದ ಬೆಳಿಗ್ಗೆ ನಾನು ಜಡೆಗೆ ಕೂತೆ. ಕಲಿತ ಪಾಠ ಮರೆಯಬಾರದೆಂದು ಚೆನ್ನಾಗಿಯೇ ಎಳೆದೆ. ಶಾರಿ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು. ರಾಚಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. “ಏನಯ್ಯಾ ನೀನು, ತಾಯಿಲ್ದ ಮೊಗೀನ ಬೆಳ್ಬೆಳಿಗ್ಗೇನೇ ಒಡೀತೀಯಾ? ನಾಚ್ಕೆ ಆಗಾಕಿಲ್ವಾ?” ಎಂದು ಬಾಗಿಲಲ್ಲೇ ನಿಂತು ಸಮಾ ಬಯ್ದಳು. ಎದುರು ಮನೆಯವರೂ ಹೊರಗೆ ಬಂದರು. ಜಡೆ ಕಣಮ್ಮ, ಬರೀ ಜಡೆ ಎಂದು ಹೇಳಬೇಕೆಂದುಕೊಂಡೆ. ಬಾಯಿ ತೆರೆದರೆ ಕೈ ಸಡಿಲವಾಗುತ್ತದೆ ಎಂದು ಸುಮ್ಮನೆ ಬೈಸಿಕೊಳ್ಳುತ್ತಾ ಹೆಣೆದೆ.