ಅರ್ಧಾಯುಷ್ಯದ ಲೋಟಗಳು

ಮುಂಬಯಿಯಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ ಎಂದು ಒಮ್ಮೆ ಬಾಯಿಬಿಟ್ಟರೆ ಮುಗಿಯಿತು. ಮದುವೆ ಕಾಗದದ ಕರಡು ತಿದ್ದುವುದು, ಸಂಘದ ವರದಿ ಬರೆಯುವುದು, ಯಾರದೋ ಊರಿನ ಜಾಗದ ಪತ್ರ ಓದಿ ಹೇಳುವುದು, ಎಲ್ಲ ನಮ್ಮ ತಲೆಗೇ. ನಾನು ಈ ತಪ್ಪನ್ನು ಮದುವೆಯಾಗಿ ಬಂದ ಹೊಸತರಲ್ಲೇ ಮಾಡಿದವಳು. ಆದರೂ ಪರಮಾಣು ವಿಜ್ಞಾನ ನನ್ನ ಅಡುಗೆಮನೆಯವರೆಗೆ ಬಂದೀತೆಂದು ಎಣಿಸಿರಲಿಲ್ಲ.

ತಂದವಳು ಮಗಳು ಶ್ರಾವ್ಯ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವವಳು. ದಾದರಿನ ಕನ್ನಡ ಸಂಘದಲ್ಲಿ ಭಾನುವಾರ ವಿಜ್ಞಾನ ಭಾಷಣ ಸ್ಪರ್ಧೆ. ಹೋದ ವರ್ಷ ಅದೇ ವೇದಿಕೆಯಲ್ಲಿ "ಮಾನ್ಯರೇ" ಎನ್ನುವ ಬದಲು "ಸಾಮಾನ್ಯರೇ" ಎಂದು ನಗೆಪಾಟಲಾಗಿದ್ದಳು. ಈ ಸಲವೂ ನಕ್ಕರೆ ಇನ್ನು ಜನ್ಮದಲ್ಲಿ ಕನ್ನಡ ಆಡುವುದಿಲ್ಲ ಎಂದು ಘೋಷಿಸಿದ್ದಳು. ಬರಿಯ ಮಾತಿಗೆ ಆಡುವ ಹುಡುಗಿಯಲ್ಲ, ಹೇಳಿದ್ದನ್ನು ಮಾಡುವವಳು.

ಆರಿಸಿಕೊಂಡ ವಿಷಯ ಟೆನೆಸೀನ್, ನೂರ ಹದಿನೇಳನೆಯ ಮೂಲವಸ್ತು. ಬಲು ಭಾರದ್ದಂತೆ, ಆದರೆ ತೂಗಲು ಸಿಗದು. ಬರ್ಕೀಲಿಯಮ್ ಎಂಬ ಇನ್ನೊಂದು ಮೂಲವಸ್ತುವಿಗೆ ಕ್ಯಾಲ್ಸಿಯಮ್ ಕಣಗಳನ್ನು ತಿಂಗಳುಗಟ್ಟಲೆ ಗುದ್ದಿಸಿದರೆ ಬೆರಳೆಣಿಕೆಯ ಪರಮಾಣುಗಳು ಹುಟ್ಟಿ, ಕಣ್ಣು ಮಿಟುಕಿಸುವ ಮೊದಲೇ ಒಡೆದುಹೋಗುತ್ತವೆ. ಕಣ್ಣಾರೆ ಕಂಡವರಿಲ್ಲ, ಚೂರುಗಳ ಜಾಡು ಹಿಡಿದು 'ಇದ್ದಿತ್ತು' ಎನ್ನುತ್ತಾರೆ. ದಾದರಿನಲ್ಲಿ ಲೋಕಲ್ ರೈಲಿನೊಳಗೆ ಖಾಲಿ ಸೀಟು ಇದ್ದಿತ್ತೆಂದು ನಾವು ನಂಬುವುದೂ ಹೀಗೆಯೇ, ಕೂತವಳ ಮುಖ ನೋಡಿ. ಹೆಸರಿಡುವವರೆಗೆ ಅದನ್ನು ಬರಿಯ ಅಂಕಿಯಿಂದ ಕರೆಯುತ್ತಿದ್ದರಂತೆ. ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ ನಾನು ಇಂದಿಗೂ 'ತೀನ್ ಸೌ ಚಾರ್‌ವಾಲಿ ಆಂಟಿ', ಮುನ್ನೂರ ನಾಲ್ಕನೆಯ ಮನೆಯವಳು, ಅಷ್ಟೇ. ಹಾಗಾಗಿ ಅದರ ಮೇಲೆ ನನಗೆ ಕನಿಕರ ಹುಟ್ಟಿತು.

"ಅಮ್ಮಾ, ಹಾಫ್ ಲೈಫ್‌ಗೆ ಕನ್ನಡದಲ್ಲಿ ಕ್ಯಾ?"

"ಅರ್ಧಾಯುಷ್ಯ," ಎಂದೆ ಠೀವಿಯಿಂದ.

ಹಾಲ್‌ನಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ ಅತ್ತೆ ತಲೆಯೆತ್ತಿದರು. ಉಡುಪಿ ಕಡೆಯವರು, ಕಿವಿ ಬಲು ಚುರುಕು. "ಎಂತದು ಮಾರಾಯ್ತಿ? ಅಲ್ಲಿ ಮುಂದಿನ ಸಾಲಲ್ಲಿ ಕೂರುವವರೆಲ್ಲ ಎಪ್ಪತ್ತು ದಾಟಿದವರು. ಅವರೆದುರು ಅರ್ಧಾಯುಷ್ಯ ಅಂದ್ರೆ ಪ್ರೈಜ್ ಬಿಡು, ಚಾ ಸಹ ಕೊಡುದಿಲ್ಲ."

"ಅಜ್ಜಿ, ಸೈಂಟಿಫಿಕ್ ವರ್ಡ್ ಹೈ!"

"ಹಾಗಾದ್ರೆ ಸೈಂಟಿಫಿಕ್ ಶಾಪ."

ಶ್ರಾವ್ಯ ಕಾಗದ ಎಸೆದಳು. "ದೇಖಾ? ಫಿರ್ ಸೇ ಎಲ್ಲ ನಗ್ತಾರೆ. ನಾನು ಹೋಗಲ್ಲ."

ನಾನು ನಿಘಂಟು ತೆರೆದೆ. ಅಲ್ಲಿದ್ದ 'ಅರ್ಧಾಯು' ಇನ್ನೂ ಬೇಗ ಕೊಲ್ಲುವಂತಿತ್ತು. ಕೊನೆಗೆ ಅತ್ತೆಯೇ ಮೊಮ್ಮಗಳನ್ನು ಹತ್ತಿರ ಕರೆದರು. "ಅದು ಎಂತ ಅಂತ ನನಗೆ ಹೇಳು ನೋಡುವಾ."

"ಬರ್ಕೀಲಿಯಮ್ ಇದೆ ನಾ ಅಜ್ಜಿ, ಹನ್ನೊಂದು ತಿಂಗಳಲ್ಲಿ ಆಧಾ ಗಾಯಬ್. ಮತ್ತೆ ಹನ್ನೊಂದು ತಿಂಗಳಲ್ಲಿ ಉಳಿದದ್ದರಲ್ಲಿ ಅರ್ಧ."

"ಹನ್ನೊಂದು ತಿಂಗಳಾ? ಅದು ನಮ್ಮ ಬಾಡಿಗೆ ಮನೆ ಎಗ್ರಿಮೆಂಟ್ ಅಲ್ವಾ!" ಅತ್ತೆಯ ಮುಖ ಅರಳಿತು. "ದಹಿಸರಿನ ಮನೆಯಲ್ಲಿ ಹದಿನಾರು ಸ್ಟೀಲ್ ಲೋಟ ಇತ್ತು. ಎಗ್ರಿಮೆಂಟ್ ಮುಗಿಯಿತು, ಸಾಮಾನು ಕಟ್ಟಿದ್ದು ನಿನ್ನ ಅಮ್ಮ. ಮುಂದಿನ ಮನೆಯಲ್ಲಿ ಎಂಟು. ಅದರ ಮುಂದಿನದರಲ್ಲಿ ನಾಲ್ಕು. ಈ ಭಾಂಡುಪಿನ ಮನೆಗೆ ಬರುವಾಗ ಎರಡು. ಸರಿ ಉಂಟಾ?"

"ಏಕ್ದಮ್ ಸರಿ, ಅಜ್ಜಿ!"

ಟೆಂಪೋದವರ ಪಾತ್ರವೂ ಇದರಲ್ಲಿತ್ತು ಎಂದು ನಾನು ಹೇಳಲು ಹೋದೆ. ವಿಜ್ಞಾನ ಆಗಲೇ ಮುಂದೆ ಹೋಗಿತ್ತು.

ಭಾನುವಾರ ಅವಳು "ಮಾನ್ಯರೇ" ಎಂದು ಸರಿಯಾಗಿಯೇ ಶುರುಮಾಡಿದಳು. ಅರ್ಧಾಯುಷ್ಯ ಎಂದಾಗ ಮುಂದಿನ ಸಾಲು ಕೆಮ್ಮಿತು. ಕೂಡಲೇ ಹನ್ನೊಂದು ತಿಂಗಳು, ಹದಿನಾರು ಲೋಟ ಎಂದಳು. ಸಭೆಯಿಡೀ ಗೊಳ್ಳೆಂದಿತು. ಅವಳ ಮುಖ ಒಂದು ಕ್ಷಣ ಇಳಿಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ನಮ್ಮನೇಲಿ ತಟ್ಟೆ, ಮಗಾ!" ಎಂದು ಕೂಗಿದರು. ನಗುತ್ತಿದ್ದವರೆಲ್ಲ ಮನೆ ಬದಲಿಸಿ ಬದಲಿಸಿ ಸವೆದವರೇ. ಶ್ರಾವ್ಯಳೂ ನಕ್ಕಳು. ಕಾಗದ ಮಡಚಿಟ್ಟು, ಹಿಂದಿ ಬೆರೆತ ತನ್ನದೇ ಕನ್ನಡದಲ್ಲಿ ಗಂಟೆ ಬಾರಿಸುವವರೆಗೂ ಮಾತಾಡಿದಳು.

ಎರಡನೆಯ ಬಹುಮಾನ ಬಂತು. ತೀರ್ಪುಗಾರರು ಮೈಕಿನಲ್ಲಿ, "ಮೂಲವಸ್ತು ಕೊಂಚ ಅಸ್ಪಷ್ಟವಾಯಿತು, ಆದರೆ ತಾಯಿಯವರ ಸಂಸಾರ ಬಹಳ ಸ್ಪಷ್ಟವಾಗಿ ಮೂಡಿಬಂತು," ಎಂದರು. ಆ ತಾಯಿ ಬೇರೆ ಯಾರೋ ಎಂದು ಜನ ತಿಳಿಯಲೆಂದು ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿ ಅತ್ತೆ ಹಿಂದೆ ತಿರುಗಿ, ನನ್ನತ್ತ ಬೆರಳು ಮಾಡಿ ಹೇಳುತ್ತಿದ್ದರು: "ಇವಳೇ, ಇವಳೇ."