ಮಗ್ಗುಲಪ್ಪನ ಮಧ್ಯಾಹ್ನದ ನಿದ್ದೆಯ ಸ್ಥಳ ತನಿಖೆ

ಗೃಹಸಾಲವೆಂಬುದು ಇಪ್ಪತ್ತು ವರ್ಷ ನಡೆಯಬೇಕಾದ ಸಂಬಂಧವಾಗಿದ್ದು, ಅದನ್ನು ಹನ್ನೊಂದನೆಯ ವರ್ಷದಲ್ಲೇ ಮುಗಿಸಿಕೊಂಡು ಎದ್ದುಹೋಗುವುದು ಕಾನೂನಿಗೆ ವಿರುದ್ಧವಲ್ಲದಿದ್ದರೂ ಸಭ್ಯರ ಲಕ್ಷಣವಲ್ಲ. ನಾನೂ ಸಾಲಗಾರನೇ. ನನ್ನ ಕೊನೆಯ ಕಂತು ಮುಗಿಯುವ ಹೊತ್ತಿಗೆ ನನ್ನ ಬಾಯಲ್ಲಿ ಎಷ್ಟು ಹಲ್ಲು ಉಳಿದಿರುತ್ತವೆ ಎಂಬುದನ್ನು ಬ್ಯಾಂಕಿನವರೇ ಅಂದಾಜು ಮಾಡಿ ತಿಳಿಸಿದ್ದಾರೆ. ಇದರಿಂದ ನನ್ನ ಬದುಕಿಗೆ ಒಂದು ಶಿಸ್ತು ಬಂದಿದೆ. ಎದುರುಮನೆಯ ಮಗ್ಗುಲಪ್ಪನಿಗೆ ಈ ಶಿಸ್ತು ಇರಲಿಲ್ಲ.

ಮಗ್ಗುಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಅವನು ಹಾಸಿಗೆ ಕಾರ್ಖಾನೆಯಲ್ಲಿ ಪರೀಕ್ಷಕ. ಹೊಸ ಹಾಸಿಗೆ ತಯಾರಾಗಿ ಬಂದರೆ ಅದರ ಮೇಲೆ ಮೊದಲು ಅಂಗಾತ, ಆಮೇಲೆ ಎಡ ಮಗ್ಗುಲಿಗೆ, ಆಮೇಲೆ ಬಲ ಮಗ್ಗುಲಿಗೆ ಮಲಗಿ, ಸ್ಪ್ರಿಂಗು ಎಲ್ಲಿ ಚುಚ್ಚುತ್ತದೆ, ಹತ್ತಿ ಎಲ್ಲಿ ಗಂಟುಕಟ್ಟಿದೆ ಎಂದು ಕೂಗಿ ಹೇಳುವುದು ಅವನ ಕೆಲಸ. ಕೆಲಸದ ವೇಳೆಯಲ್ಲಿ ನಿದ್ದೆ ಮಾಡಕೂಡದು. ಕಣ್ಣು ಮುಚ್ಚಿದರೆ ಅರ್ಧ ದಿನದ ಸಂಬಳ ಖೋತಾ. ರೆಪ್ಪೆ ಬಡಿಯುವುದಕ್ಕೆ ವಿನಾಯಿತಿ ಇತ್ತು. ಆದರೆ ನಿಧಾನವಾಗಿ ಬಡಿಯುವಂತಿರಲಿಲ್ಲ. ಮೇಸ್ತ್ರಿಯೊಬ್ಬ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಅವನ ಕಣ್ಣನ್ನೇ ನೋಡುತ್ತಾ ಕೂತಿರುತ್ತಿದ್ದ. ಹೀಗೆ ದಿನವಿಡೀ ಮೆತ್ತನೆಯ ಹಾಸಿಗೆಗಳ ಮೇಲೆ ಎಚ್ಚರವಾಗಿ ಮಲಗಿ ಮಲಗಿ ಮಗ್ಗುಲಪ್ಪನಿಗೆ ಜೀವನದಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ಕೆಲಸದ ದಿನ, ತನ್ನ ಸ್ವಂತ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ, ಚಾಪೆ ಹಾಸಿಕೊಂಡು, ಯಾರಪ್ಪನ ಅಪ್ಪಣೆಯೂ ಇಲ್ಲದೆ ಒಂದು ನಿದ್ದೆ ತೆಗೆಯಬೇಕು.

ಅದಕ್ಕಾಗಿ ಅವನು ರಜೆಯ ದಿನಗಳಲ್ಲೂ ಹೋಗಿ ದಿಂಬುಗಳನ್ನು ಪರೀಕ್ಷಿಸಿದ. ಹೆಂಡತಿ ರಾತ್ರಿ ಹಗಲು ದಿಂಬಿನ ಚೀಲ ಹೊಲಿದಳು. ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಹಣ ಕೂಡಿಟ್ಟರು. ಒಂದು ದಿನ ಗೃಹಸಾಲದ ಬಾಕಿ ಪೂರ್ತಿ ಜೋಡಿಸಿಕೊಂಡು, ಕಾರ್ಖಾನೆಯ ಮೇಸ್ತ್ರಿಗೆ, “ನಾಳೆಯಿಂದ ನಾನು ಬರಲ್ಲ ಕಣ್ರೀ, ನಿಮ್ಮ ಸ್ಟೂಲು ನೀವೇ ಇಟ್ಕೊಳ್ಳಿ” ಎಂದು ಹೇಳಿ, ಗಂಡ ಹೆಂಡತಿ ಕೈ ಕೈ ಹಿಡಿದುಕೊಂಡು ಬ್ಯಾಂಕಿಗೆ ಹೋದರು. ಕಿಟಕಿಯಿಂದ ನೋಡಿದ ನನಗೆ ಹೊಟ್ಟೆ ಉರಿದುಹೋಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬ್ಯಾಂಕಿನ ಮ್ಯಾನೇಜರು ಹಣವನ್ನು ನೋಡಿದರು. ಮಗ್ಗುಲಪ್ಪನನ್ನು ನೋಡಿದರು. ಅವರ ಮುಖ ಸಣ್ಣದಾಯಿತು.

“ಯಾಕ್ರೀ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?”

“ಅಯ್ಯೋ, ಇಲ್ಲ ಸಾರ್. ಎಲ್ಲಾ ಚೆನ್ನಾಗೇ ನೋಡ್ಕೊಂಡಿದೀರಿ.”

“ಮತ್ತೆ? ಕೌಂಟರ್‌ನಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ? ಹೇಳಿ, ಸಂಕೋಚ ಬೇಡ. ಇನ್ನೂ ಒಂಬತ್ತು ವರ್ಷ ಬಾಕಿ ಇದೆಯಲ್ಲ, ಅಷ್ಟು ವರ್ಷ ನೀವು ಏನು ಮಾಡ್ತೀರಿ?”

“ಮಧ್ಯಾಹ್ನ ಮಲಗ್ತೀನಿ ಸಾರ್.”

ಮ್ಯಾನೇಜರು ಅದನ್ನು ಹಾಗೆಯೇ ಬರೆದುಕೊಂಡರು. ಬರೆದುಕೊಂಡದ್ದರಿಂದ ಅದು ಘೋಷಣೆಯಾಯಿತು. ಘೋಷಣೆಯಾದದ್ದರಿಂದ ನಿಯಮ ಅನ್ವಯವಾಯಿತು. ಅವರು ಎದ್ದು ನಿಂತು ನಿಯಮವನ್ನು ಓದಿದರು:

“ಅವಧಿಗೆ ಮುನ್ನ ಸಾಲ ತೀರಿಸುವ ಗ್ರಾಹಕನು, ಉಳಿಯುವ ಅವಧಿಯನ್ನು ತಾನು ಘೋಷಿಸಿದ ಉದ್ದೇಶಕ್ಕೇ ಬಳಸುತ್ತಿರುವನೆಂಬುದನ್ನು ಸ್ಥಳ ತನಿಖೆಯ ಮೂಲಕ ಖಚಿತಪಡಿಸಿಕೊಳ್ಳತಕ್ಕದ್ದು. ಖಚಿತವಾಗುವವರೆಗೆ ಸದರಿ ಗ್ರಾಹಕನನ್ನು ಸಾಲಗಾರನೆಂದೇ ಭಾವಿಸತಕ್ಕದ್ದು ಹಾಗೂ ಆತನಿಂದ ಸ್ವಾತಂತ್ರ್ಯ ಪಾಲನಾ ಶುಲ್ಕವನ್ನು ವಸೂಲು ಮಾಡತಕ್ಕದ್ದು.”

“ಅಂದ್ರೆ?” ಎಂದಳು ಹೆಂಡತಿ.

“ಸಾಲ ಕೊಟ್ಟಾಗ ನಿಜವಾಗ್ಲೂ ಮನೆ ಕಟ್ಟಿದೀರೋ ಇಲ್ವೋ ಅಂತ ನೋಡೋಕೆ ನಮ್ಮವರು ಬಂದಿದ್ರಲ್ಲಮ್ಮಾ, ಹಾಗೇ ಇದೂ. ಮನೆ ಕಟ್ತೀನಿ ಅಂತ ಹೇಳಿ ಕಾರು ತಗೊಂಡೋರು ಇದಾರೆ. ಮಲಗ್ತೀನಿ ಅಂತ ಹೇಳಿ ನಾಳೆ ಇವರು ಎಲ್ಲಾದ್ರೂ ತಿರುಗಾಡೋಕೆ ಹೋದ್ರೆ ಮೇಲಿನವರಿಗೆ ನಾನೇನು ಉತ್ತರ ಕೊಡ್ಲಿ?”

ಮಾತು ನ್ಯಾಯವಾಗಿತ್ತು. ಮಗ್ಗುಲಪ್ಪ ತಲೆಯಾಡಿಸಿದ. ನಿದ್ದೆ ಮಾಡಿ ತೋರಿಸುವುದು ಏನು ಮಹಾ, ಎಂದುಕೊಂಡ. ತೋರಿಸದಿದ್ದರೆ ಶುಲ್ಕ ಏರುತ್ತಾ ಹೋಗುತ್ತದೆ, ಶುಲ್ಕ ಕಟ್ಟಲು ಮತ್ತೆ ಆ ಮೇಸ್ತ್ರಿಯ ಸ್ಟೂಲಿನ ಮುಂದೆ ಹೋಗಿ ಮಲಗಬೇಕಾಗುತ್ತದೆ ಎಂಬುದು ಅವನ ಹೆಂಡತಿಗೆ ಮಾತ್ರ ಹೊಳೆಯಿತು.

ಮರುದಿನ ಊಟದ ಹೊತ್ತಿಗೆ ಬ್ಯಾಂಕಿನ ತನಿಖಾಧಿಕಾರಿಗಳೊಬ್ಬರು ಬಂದರು. ಜೊತೆಗೆ ಒಂದು ಮಡಚುವ ಕುರ್ಚಿ, ಒಂದು ಟಾರ್ಚು, ಚಾಪೆಯ ಉದ್ದ ಅಳೆಯಲು ಒಂದು ಟೇಪು ತಂದಿದ್ದರು. ಮಗ್ಗುಲಪ್ಪ ಊಟ ಮಾಡಿ ಕೈತೊಳೆದು, ಹೊಸ ಮದುಮಗನ ಹಾಗೆ ನಾಚಿಕೊಳ್ಳುತ್ತಾ ಚಾಪೆಯ ಮೇಲೆ ಮಲಗಿದ. ಅಧಿಕಾರಿಗಳು ಪಕ್ಕದಲ್ಲಿ ಕುರ್ಚಿ ಬಿಡಿಸಿಕೊಂಡು ಕೂತು, ಅವನ ಕಣ್ಣನ್ನೇ ದಿಟ್ಟಿಸಿ, “ಹೂಂ, ಶುರು ಮಾಡಿ” ಎಂದರು.

ಅಷ್ಟೇ. ಹನ್ನೊಂದು ವರ್ಷ ಪಳಗಿದ ದೇಹ ಅದು. ಪಕ್ಕದಲ್ಲೊಬ್ಬ ಕೂತು ಕಣ್ಣು ನೋಡಿದೊಡನೆ ಮಗ್ಗುಲಪ್ಪನ ರೆಪ್ಪೆಗಳು ಕಿಟಕಿಯ ಬಾಗಿಲಿನ ಹಾಗೆ ಪಟ್ಟನೆ ತೆರೆದುಕೊಂಡವು. ಅವನು ಅಂಗಾತ ಮಲಗಿದ, ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಅಭ್ಯಾಸ ಬಲದಿಂದ “ಸೊಂಟದ ಹತ್ತಿರ ಚಾಪೆ ಸ್ವಲ್ಪ ಒರಟು!” ಎಂದು ಕೂಗಿಯೂ ಕೂಗಿದ. ಸಂಜೆಯಾಯಿತು. ಅಧಿಕಾರಿಗಳು ಟಾರ್ಚು ಹಾಕಿ ಎರಡೂ ಕಣ್ಣು ಪರೀಕ್ಷಿಸಿ, “ನಿದ್ದೆ ಕಂಡುಬಂದಿಲ್ಲ” ಎಂದು ಷರಾ ಬರೆದರು.

ಎರಡನೆಯ ತನಿಖೆಗೆ ಇಡೀ ಬೀದಿಯೇ ಸಿದ್ಧವಾಯಿತು. ಬ್ಯಾಂಕಿನವರು ದೀಪದ ಕಂಬಕ್ಕೆ ಪ್ರಕಟಣೆ ಅಂಟಿಸಿದರು:

“ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಬೀದಿಯಲ್ಲಿ ಒಬ್ಬ ಗ್ರಾಹಕರ ನಿದ್ದೆಯು ಪರಿಶೀಲನೆಯಲ್ಲಿರುತ್ತದೆ. ಆದಕಾರಣ ಕೆಮ್ಮು, ಸೀನು, ಒಗ್ಗರಣೆ, ದಾಂಪತ್ಯ ಕಲಹ ಮುಂತಾದವುಗಳನ್ನು ಸಂಜೆಗೆ ಮುಂದೂಡತಕ್ಕದ್ದು.”

ಜನ ಮುಂದೂಡಿದರು. ತರಕಾರಿ ಮಾರುವವಳು ಗಾಡಿ ನೂಕಿಕೊಂಡು ಬಂದು, ಬೆಲೆಯನ್ನು ಮನೆ ಮನೆಯ ಕಿವಿಯಲ್ಲಿ ಪಿಸುಗುಟ್ಟಿದಳು. ನನ್ನ ಹೆಂಡತಿ ನನ್ನ ಮೇಲೆ ಕೈಸನ್ನೆಯಲ್ಲೇ ರೇಗಿದಳು. ಅದರಲ್ಲಿ ಅವಳಿಗಿದ್ದ ಪ್ರತಿಭೆ ನನಗೆ ಅಂದೇ ತಿಳಿದದ್ದು. ಆಮೇಲೆ ನಾನು ಸಾಕ್ಷಿದಾರನಾಗಿ ಎದುರುಮನೆಯ ಹೊಸ್ತಿಲಲ್ಲಿ ಹೋಗಿ ಕೂತೆ.

ಮಗ್ಗುಲಪ್ಪನ ಹೆಂಡತಿ ಅಂದು ಗಂಡನಿಗೂ ಅಧಿಕಾರಿಗಳಿಗೂ ಹೊಟ್ಟೆ ಬಿರಿಯುವಷ್ಟು ಬಡಿಸಿದಳು. ಇಬ್ಬರೂ ಬೇಡ ಬೇಡ ಎನ್ನುತ್ತಲೇ ಮತ್ತೆ ಹಾಕಿಸಿಕೊಂಡರು. ಮಗ್ಗುಲಪ್ಪ ಮಲಗಿದ, ಅಧಿಕಾರಿಗಳು ಕೂತರು. ಬೀದಿ ನಿಶ್ಶಬ್ದ. ಫ್ಯಾನು ತಿರುಗುತ್ತಿತ್ತು. ಕಿಟಕಿಯಿಂದ ತೆಳ್ಳಗೆ ಗಾಳಿ. ಮಗ್ಗುಲಪ್ಪನ ಕಣ್ಣುಗಳು ಎರಡು ಬಲ್ಬುಗಳ ಹಾಗೆ ಉರಿಯುತ್ತಿದ್ದವು. ಅವನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು, “ಮಲಗೀಂದ್ರೆ, ದಮ್ಮಯ್ಯ, ಮಲಗೀ” ಎಂದು ಬಾಯಲ್ಲೇ ಅಂದುಕೊಳ್ಳುತ್ತಿದ್ದಳು. ನೋಡಿ ನನಗೆ ಅಯ್ಯೋ ಅನ್ನಿಸಿತು.

ಅಷ್ಟರಲ್ಲಿ ಅಧಿಕಾರಿಗಳ ತಲೆ ಒಮ್ಮೆ ವಾಲಿತು. ಎದ್ದಿತು. ಮತ್ತೆ ವಾಲಿತು. ಆಮೇಲೆ ಇಡೀ ಅಧಿಕಾರಿಗಳೇ ಕುರ್ಚಿಯಿಂದ ಜಾರಿ ಚಾಪೆಯ ಮೇಲೆ ಬಂದರು. ಮಗ್ಗುಲಪ್ಪ ಕಸುಬು ಬಲ್ಲವನು. ತಾನು ಪಕ್ಕಕ್ಕೆ ಸರಿದು, ಅವರ ಕತ್ತಿನ ಕೆಳಗೆ ದಿಂಬು ಕೊಟ್ಟು, ಎಡ ಮಗ್ಗುಲಿಗೆ ಹೊರಳಿಸಿ, ಮೊಣಕಾಲು ಸ್ವಲ್ಪ ಮಡಿಸಿದ. ಅವರು ಗೊರಕೆ ಹೊಡೆದರು. ಹೊಡೆದರು ಎಂದರೆ, ಪ್ರಕಟಣೆಯನ್ನು ಅಂಟಿಸಿದ ಸಂಸ್ಥೆಯೇ ಅದನ್ನು ಉಲ್ಲಂಘಿಸುವಷ್ಟು ಹೊಡೆದರು.

ದೀಪ ಹಚ್ಚುವ ಹೊತ್ತಿಗೆ ಎದ್ದು ಕೂತ ಅಧಿಕಾರಿಗಳ ಕಣ್ಣಲ್ಲಿ ನೀರು ತುಂಬಿತ್ತು. “ಕೆಲಸಕ್ಕೆ ಸೇರಿದ ಮೇಲೆ ಇದೇ ಮೊದಲು ಕಣಮ್ಮಾ,” ಎಂದು ಮಗ್ಗುಲಪ್ಪನ ಹೆಂಡತಿಯ ಮುಂದೆ ಮೂಗೆಳೆದರು. “ಕನಸೂ ಬಿತ್ತು. ಕನಸಲ್ಲಿ ಯಾರೂ ಕಂತು ಕಟ್ತಿರ್ಲಿಲ್ಲ.”

ವರದಿಯಲ್ಲಿ ಅವರು ಸತ್ಯವನ್ನೇ ಬರೆದರು: “ಸದರಿ ಮನೆಯಲ್ಲಿ, ಸದರಿ ಚಾಪೆಯ ಮೇಲೆ, ಮಧ್ಯಾಹ್ನದ ನಿದ್ದೆ ನಡೆದಿರುವುದು ಖಚಿತಪಟ್ಟಿದೆ.” ಯಾರ ನಿದ್ದೆ ಎಂದು ಕೇಳುವ ಅಂಕಣ ವರದಿಯಲ್ಲಿ ಇರಲಿಲ್ಲ. ಆದರೂ ಮ್ಯಾನೇಜರು ನಿಷ್ಠಾವಂತರು. ಒಬ್ಬರ ಮಾತಿನ ಮೇಲೆ ನಂಬಿಕೆ ಇಡಬಾರದೆಂದು ಮರುದಿನ ತಾವೇ ಬಂದು, ಊಟ ಮಾಡಿ, ಖುದ್ದಾಗಿ ಮಲಗಿ ಪರಿಶೀಲಿಸಿದರು. ಅದರ ಮರುದಿನ ಕ್ಯಾಷಿಯರು ಬಂದು ಮ್ಯಾನೇಜರ ಪರಿಶೀಲನೆಯನ್ನು ಪರಿಶೀಲಿಸಿದ. ವಾರದೊಳಗೆ ಇಡೀ ಶಾಖೆಯೇ ತನಿಖೆಗೆ ಬರತೊಡಗಿತು. ಚಾಪೆ ಸಾಲದೆ ಮಗ್ಗುಲಪ್ಪನ ಹೆಂಡತಿ ಪಕ್ಕದ ಮನೆಗಳಿಂದ ಎರವಲು ತಂದಳು. ನಾನೂ ಒಂದು ಕೊಟ್ಟೆ. ಮಾರನೆಯ ತಿಂಗಳ ಕಂತಿನಲ್ಲಿ ಏನಾದರೂ ರಿಯಾಯಿತಿ ತೋರಿಸುತ್ತಾರೇನೋ ಎಂಬ ಆಸೆಯಿಂದ.

ಮಗ್ಗುಲಪ್ಪನಿಗೆ ಸಾಲಮುಕ್ತಿ ಪತ್ರ ಬಂತು. ದಪ್ಪ ಕಾಗದ, ಮೂರು ಮೊಹರು. ಪತ್ರದ ಕೊನೆಯಲ್ಲಿ ಒಂದೇ ಒಂದು ಷರತ್ತು: ಉಳಿದ ಅವಧಿಯುದ್ದಕ್ಕೂ ತನಿಖೆ ಪ್ರತಿದಿನ ಮುಂದುವರಿಯತಕ್ಕದ್ದು; ತನಿಖೆಯಲ್ಲಿ ತೊಡಗಿರುವ ಸಿಬ್ಬಂದಿಯನ್ನು ಸಕಾಲದಲ್ಲಿ ಎಬ್ಬಿಸಲು, ಹಾಸಿಗೆಯ ಮೇಲೂ ಎಚ್ಚರವಿರುವ ಅನುಭವವುಳ್ಳ ವ್ಯಕ್ತಿಯನ್ನು ನೇಮಿಸಿಕೊಳ್ಳತಕ್ಕದ್ದು. ಅಂಥ ಅನುಭವ ಊರಿನಲ್ಲಿ ಇದ್ದದ್ದು ಒಬ್ಬನಿಗೇ. ತನಿಖೆ ಮುಂದುವರಿದದ್ದರಿಂದ ಶುಲ್ಕವೂ ಮುಂದುವರಿಯಿತು; ಸಂಬಳವನ್ನು ಸ್ವಾತಂತ್ರ್ಯ ಪಾಲನಾ ಶುಲ್ಕಕ್ಕೆ ಜಮಾ ಮಾಡಿಕೊಂಡದ್ದರಿಂದ ಯಾರಿಗೂ ಯಾರೂ ಏನೂ ಕೊಡಬೇಕಾಗಿರಲಿಲ್ಲ. ಹೀಗೆ ಮಗ್ಗುಲಪ್ಪ ಸಂಪೂರ್ಣ ಸ್ವತಂತ್ರನಾಗಿ, ತನ್ನದೇ ಮನೆಯಲ್ಲಿ, ಸ್ಟೂಲಿನ ಮೇಲೆ ಕೂತು, ಬ್ಯಾಂಕಿನವರು ಮಲಗುವುದನ್ನು ನೋಡತೊಡಗಿದ.

“ಏನ್ರೀ ಇದು,” ಎಂದು ಒಂದು ದಿನ ಹೆಂಡತಿ ಸಿಡುಕಿದಳು. “ಮನೆ ನಮ್ಮದು, ಮಲಗೋರು ಅವರು. ಹೋಗಿ ದೂರು ಕೊಟ್ಟು ಬನ್ನಿ. ಇವರನ್ನ ನಾನು ಎಬ್ಬಿಸ್ತೀನಿ.”

ಮಗ್ಗುಲಪ್ಪ ಬ್ಯಾಂಕಿಗೆ ಹೋದ. ಸಾಕ್ಷಿಗೆ ಇರಲೆಂದು ನನ್ನನ್ನೂ ಕರೆದುಕೊಂಡ. ಬ್ಯಾಂಕಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಾವಲುಗಾರ ಮಾತ್ರ ನಮಗೆ ಬೆನ್ನು ಮಾಡಿ, ನಿಯಮದಂತೆ ಬೀದಿಯ ಕಡೆ ನೋಡುತ್ತಾ ನಿಂತಿದ್ದ.

“ಸಾಹೇಬರು ಎಲ್ಲಿ?” ಎಂದ ಮಗ್ಗುಲಪ್ಪ.

“ನಿಮ್ಮನೇಲಿ ಮಲಗಿದಾರಲ್ಲ. ಬರೋದು ಹೊತ್ತಾಗತ್ತೆ, ಕೂತಿರಿ.”

ಮಗ್ಗುಲಪ್ಪ ಗ್ರಾಹಕರ ಉದ್ದನೆಯ ಸೋಫಾದಲ್ಲಿ ಕೂತ. ಎಸಿ ತಣ್ಣಗೆ ಬೀಸುತ್ತಿತ್ತು. ಪಕ್ಕದಲ್ಲಿ ಮೇಸ್ತ್ರಿ ಇಲ್ಲ, ಅಧಿಕಾರಿ ಇಲ್ಲ, ಟಾರ್ಚು ಇಲ್ಲ. ಅವನನ್ನು ನೋಡುವವರು ಜಗತ್ತಿನಲ್ಲಿ ಯಾರೂ ಇಲ್ಲ. ನಾನೂ ಬಡ್ಡಿದರದ ಫಲಕ ಓದುತ್ತಿದ್ದೆ. ತಿರುಗಿ ನೋಡಿದರೆ ಮಗ್ಗುಲಪ್ಪ ಸೋಫಾದ ಮೇಲೆ ಕಾಲು ಚಾಚಿ, ಬಾಯಿ ಅಗಲಿಸಿ, ಕೂಸಿನ ಹಾಗೆ ನಿದ್ದೆ ಹೋಗಿದ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಮತ್ತು ಕಾವಲುಗಾರ ಸದ್ದಾಗದ ಹಾಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕುಣಿದೆವು. ಕುಣಿಯುವಾಗಲೂ ಅವನು ಬೀದಿಯ ಕಡೆಗೇ ನೋಡುತ್ತಿದ್ದ.

ಅಂದಿನಿಂದ ಅದೇ ಏರ್ಪಾಡಾಯಿತು. ಮಧ್ಯಾಹ್ನ ಬ್ಯಾಂಕು ಮಗ್ಗುಲಪ್ಪನ ಮನೆಗೆ, ಮಗ್ಗುಲಪ್ಪ ಬ್ಯಾಂಕಿಗೆ. ಎಬ್ಬಿಸುವ ಕೆಲಸ ಹೆಂಡತಿಗೆ. ಒದ್ದೆ ಟವೆಲಿನಿಂದ ಅವಳು ಅದನ್ನು ಬಹಳ ದಕ್ಷತೆಯಿಂದ ನಿರ್ವಹಿಸಿದಳು. ಆದರೆ ಗ್ರಾಹಕನಲ್ಲದವನು ಗ್ರಾಹಕರ ಸೋಫಾದಲ್ಲಿ ಮಲಗುವುದು ಹೇಗೆಂದು ಮೇಲಿನ ಕಚೇರಿಯಿಂದ ಆಕ್ಷೇಪಣೆ ಬಂತು. ಸಾಲಮುಕ್ತನಾದವನು ಬ್ಯಾಂಕಿಗೆ ಯಾರೂ ಅಲ್ಲ. ಮ್ಯಾನೇಜರು ಬಹಳ ನೊಂದುಕೊಂಡು, ಮಗ್ಗುಲಪ್ಪನನ್ನು ಮತ್ತೆ ಗ್ರಾಹಕನನ್ನಾಗಿ ಮಾಡಲು ಹೊಸದೊಂದು ಸಾಲದ ಒಪ್ಪಂದವನ್ನು ಬರೆಸಿಟ್ಟುಕೊಂಡು, ಅವನ ಹೆಂಡತಿಯನ್ನು ಬ್ಯಾಂಕಿಗೆ ಕರೆಸಿದರು. ಆಧಾರವಾಗಿ ಮನೆಯನ್ನು ತೋರಿಸಿದರೆ ಸಾಕು, ಸೋಫಾ ಅವನದೇ.

“ಅವರೇ ಸಹಿ ಮಾಡ್ಬೇಕಮ್ಮಾ,” ಎಂದರು. “ಸ್ವಲ್ಪ ಎಬ್ಬಿಸ್ತೀರಾ?”

ಅವಳು ಸೋಫಾದಲ್ಲಿ ಮಲಗಿದ್ದ ಗಂಡನನ್ನೇ ನೋಡುತ್ತಾ ನಿಂತಳು. ಹನ್ನೊಂದು ವರ್ಷದಲ್ಲಿ ಅವಳು ಅವನನ್ನು ಹೀಗೆ ನೋಡಿರಲಿಲ್ಲ. ಹಣೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

“ಎಬ್ಬಿಸ್ಬೇಡಿ,” ಎಂದಳು. “ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ಆಗಲ್ವಾ?”

ಆಗುತ್ತದೆ ಎಂದು ನಿಯಮದಲ್ಲೇ ಇತ್ತು. ಅವಳೇ ಅವನ ಕೈಯನ್ನು ಮೆಲ್ಲಗೆ ಎತ್ತಿ, ಹೆಬ್ಬೆಟ್ಟಿಗೆ ಶಾಯಿ ಹಚ್ಚಿ, ತೋರಿಸಿದ ಕಡೆಗಳಲ್ಲೆಲ್ಲ ಒತ್ತಿಸಿದಳು. ಅವನಿಗೆ ಎಚ್ಚರವಾಗಲಿಲ್ಲ. ನಾನು ಸಾಕ್ಷಿ ಹಾಕಿದೆ. ಮ್ಯಾನೇಜರು ಗಡಿಯಾರ ನೋಡಿಕೊಂಡು, ಕಿಟಕಿ ಪಕ್ಕದ ಚಾಪೆಯನ್ನು ಕ್ಯಾಷಿಯರು ಹಿಡಿದುಬಿಟ್ಟಾನೆಂದು ಮಗ್ಗುಲಪ್ಪನ ಮನೆಯ ಕಡೆಗೆ ಓಡಿದರು.