ಮುಕ್ಕಾಂ: ರೈಲುಗಾಡಿ

ಮನೆಯಿಲ್ಲ ಎಂದು ನಾನು ಛೇಡಿಸಿದರೆ ನಮ್ಮ ಮಾಮಾನಿಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಮನೆ ಇತ್ತು, ಯಾಕಿಲ್ಲ? ಅದಕ್ಕೆ ಗಾಲಿಗಳಿದ್ದವು, ಅಷ್ಟೇ!

ಬೀದರಿನಿಂದ ಭಾಲ್ಕಿ, ಕಮಲನಗರ ದಾಟಿ ಉದಗೀರಿಗೆ ಹೋಗುವ ರೈಲಿನಲ್ಲಿ ಅವನು ಪಾಸು ಇಟ್ಟುಕೊಂಡು ಸೂಜಿ, ದಾರ, ಬಾಚಣಿಗೆ ಮಾರುತ್ತಿದ್ದ. ಮೊದಲು ವಾರಕ್ಕೊಮ್ಮೆ ಹತ್ತುತ್ತಿದ್ದವನು, ನಾವು ಮೈಸೂರು ರಾಜ್ಯಕ್ಕೂ ಉದಗೀರು ಮುಂಬಯಿ ರಾಜ್ಯಕ್ಕೂ ಸೇರಿದ ವರ್ಷ ಹತ್ತಿದ್ದೇ ಹತ್ತಿದ್ದು, ಇಳಿಯಲೇ ಇಲ್ಲ! ಬೀದರಿನಲ್ಲಿ ಇಂಜಿನ್ನಿಗೆ ನೀರು ತುಂಬುವಾಗ ಇವನ ಸ್ನಾನ. ಕಮಲನಗರದ ಪ್ಲಾಟ್‌ಫಾರಂ ಮೇಲೆ ಕ್ಷೌರ, ಅರ್ಧ ಮುಖ ಹೋಗುವಾಗ, ಉಳಿದರ್ಧ ಬರುವಾಗ. ಗಾಡಿಗೆ "ನನ್ನ ಜಹಾಜು" ಎಂದು ಹೆಸರು. ಜಹಾಜನ್ನು ಇವನು ಕಂಡದ್ದೆಲ್ಲಿ? ನಮ್ಮ ಕಡೆ ಸಮುದ್ರ ಎಲ್ಲಿಂದ ಬರಬೇಕು!

ಹೊಸ ಟಿಕೆಟ್ ಕಲೆಕ್ಟರ್ ಒಬ್ಬರು, "ಎಲ್ಲಿ ಇಳೀತೀರಿ?" ಎಂದರು.

"ಮನಿ ಬಿಟ್ಟು ಎಲ್ಲಿ ಇಳೀಲಿರಿ ಸಾಹೇಬ್ರ? ಮನಿತನಕ ಬಂದೀರಿ, ಕೂಡ್ರಿ, ಚಾ ಕುಡೀರಿ!"

ಸಾಹೇಬರು ಕೂತು ಚಹಾ ಕುಡಿದು, ಎರಡು ಬಾಚಣಿಗೆ ಕೊಂಡು ಹೋದರು. ತಲೆ ನೋಡಿದರೆ ಪೂರಾ ಬೋಳು!

ಭಾಲ್ಕಿಯಲ್ಲಿ ನಮ್ಮ ಅವ್ವ ದಿನಾ ಕಿಟಕಿಯೊಳಗೆ ತನ್ನ ಅಣ್ಣನಿಗೆ ಬುತ್ತಿ ತೂರುತ್ತಿದ್ದಳು. ಒಮ್ಮೆ ಬುತ್ತಿ ತಪ್ಪಿ ಗಾಡಿಯ ಬೇರೆ ಡಬ್ಬಿಗೆ ಹೋಯಿತು. ಉಂಡ ಪುಣ್ಯಾತ್ಮ ಮರುದಿನ ಬುತ್ತಿ ಕಟ್ಟಿದ ಬಟ್ಟೆ ವಾಪಸು ಕೊಟ್ಟು, "ಪುಂಡಿಪಲ್ಯಕ್ಕ ಉಪ್ಪು ಕಮ್ಮಿ ಆಗಿತ್ತರಿ ಅಕ್ಕಾ" ಎಂದ! ಅವ್ವ ಮಾಮಾನ ಮೇಲೆ ಹರಿಹಾಯ್ದಳು.

"ಭಾಲ್ಕ್ಯಾಗ ನಮ್ಮ ಮನಿ ಇಲ್ಲೇನು? ಇಳಿ ಕೆಳಗ!"

ಮಾಮಾ ಕಿಟಕಿಯಿಂದ ಒಂದು ಕಾರ್ಡು ಚಾಚಿದ. ನಾನೇ ಓದಿದೆ. ಉದಗೀರಿಗೆ ಕೊಟ್ಟಿದ್ದ ದೊಡ್ಡವ್ವ, ಇವರಿಬ್ಬರ ಅಕ್ಕ, ಬರೆಸಿದ್ದಳು: "ತಮ್ಮಾ, ನಿಮ್ಮ ರಾಜ್ಯ ಬ್ಯಾರೆ, ನಮ್ಮ ರಾಜ್ಯ ಬ್ಯಾರೆ ಆಯ್ತಂತ. ಪರವಾನಗಿ ಇಲ್ಲದ ದಾಟ್ಲಿಕ್ಕ ಬಿಡಲ್ಲಂತ. ಇನ್ನ ಪಂಚಮಿಗಿ ನನ್ನ ಕರೀಲಿಕ್ಕ ಯಾರು ಬರ್ತಾರ?"

ಅವ್ವನ ಕಣ್ಣು ತುಂಬಿತು.

"ಪರವಾನಗಿ ಬ್ಯಾಡ ಅಂತ ಹತ್ತು ಸಲ ಹೇಳೀನಿ, ನಂಬವಲ್ಲಳು," ಎಂದ ಮಾಮಾ. "ಅದಕ್ಕ ದಿನಾ ಹೋಗಿ ಅಕ್ಕಗ ನನ್ನ ಮಾರಿ ತೋರಿಸಿ ಬರ್ತೇನಿ. ರೈಲು ಯಾವ ರಾಜ್ಯದ್ದೂ ಅಲ್ಲ. ನನ್ನ ಮುಕ್ಕಾಂ ಇಲ್ಲೇ."

ಆ ಪಂಚಮಿಗೆ ನಾನೂ ಜೊತೆಗೆ ಹೋದೆ. ಉದಗೀರಿನಲ್ಲಿ ದೊಡ್ಡವ್ವ ಗಂಟು ಹಿಡಿದು ನಿಂತಿದ್ದಳು. ಹಡೆದವರು ಹೋಗಿ ವರ್ಷಗಳಾಗಿದ್ದವು. ಅವಳಿಗೆ ತವರೆಂದರೆ ಈ ತಮ್ಮನೊಬ್ಬನೇ. ಅವನು ಗಾಡಿಯ ಬಾಗಿಲಲ್ಲಿ ನಿಂತು, "ಬಾ ಅಕ್ಕಾ, ತವರ್ಮನಿನೇ ತಂದೀನಿ" ಎಂದ.

ಹತ್ತುವ ಮೊದಲು ದೊಡ್ಡವ್ವ ಬಾಗಿ, ಹೊಸ್ತಿಲು ಮುಟ್ಟುವಂತೆ ಡಬ್ಬಿಯ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮಾಮಾನಿಗೆ ಮನೆಯಿಲ್ಲ ಎಂದು ನಾನು ಮತ್ತೆಂದೂ ಅನ್ನಲಿಲ್ಲ.